ಗಾಳಿ ಸೋರಿಕೆ ಪರೀಕ್ಷೆ: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಸಂದಿಗಳಲ್ಲಿ ಎಷ್ಟು ಗಾಳಿ ಸೋರುತ್ತದೆ ಎಂದು ಅಳೆಯಲು ಬಾಗಿಲಿನ ದಾರಂದಕ್ಕೆ ಬಟ್ಟೆಯ ಪರದೆ ಬಿಗಿದು, ನಡುವೆ ದೊಡ್ಡ ಫ್ಯಾನ್ ಕೂರಿಸಿ, ಕೈಯಲ್ಲಿ ಮೀಟರು ಹಿಡಿದು ನಿಂತರೆ ಆಚೆಮನೆಯವರು ಬಂದು ವಿಚಾರಿಸದೆ ಹೋಗುವುದಿಲ್ಲ. ಕೆಲಸದ ಜಾಗದಲ್ಲಿ, ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಕೊನೆಗೆ.

## ಮೊದಲ ಸಲ ಕೇಳುವವರದ್ದು

ಗಾಳಿ ಸೋರುದು ಅಂದ್ರೆ ಎಂತ? ಕಿಟಕಿ ಹಾಕಿದ ಮೇಲೆ ಗಾಳಿ ಎಲ್ಲಿಂದ ಬರ್ತದೆ?

ಕಿಟಕಿ ತೆರೆದಾಗ ಬರುವುದು ಗಾಳಿಯಾಟ. ಅದು ನಮಗೆ ಬೇಕಾಗಿ ಬಿಟ್ಟದ್ದು, ಬೇಡವಾದಾಗ ಮುಚ್ಚಬಹುದು. ಎಲ್ಲವನ್ನೂ ಮುಚ್ಚಿದ ಮೇಲೂ ಸಂದಿಗಳಲ್ಲಿ ನುಸುಳುವುದು ಸೋರಿಕೆ. ಬಾಗಿಲ ಅಡಿಯ ಅರ್ಧ ಇಂಚು, ಸ್ಲೈಡಿಂಗ್ ಕಿಟಕಿಯ ಎರಡು ಪಟ್ಟಿ ಕೂಡುವ ಜಾಗ, ಎಸಿಯ ತಾಮ್ರದ ಪೈಪಿಗಾಗಿ ಕೊರೆದ ತೂತು, ಸ್ವಿಚ್ ಬೋರ್ಡಿನ ಹಿಂದಿನ ಪೈಪು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ ಅನಿಸುತ್ತದೆ. ಮೂರಡಿ ಅಗಲದ ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದಿಯನ್ನು ಗುಣಿಸಿ ನೋಡಿ: 116 ಚದರ ಸೆಂಟಿಮೀಟರ್. ಗೋಡೆಯಲ್ಲಿ ಅಷ್ಟು ದೊಡ್ಡ ತೂತು ಇದ್ದಿದ್ದರೆ ಅವತ್ತೇ ಮೇಸ್ತ್ರಿಯನ್ನು ಕರೆಯುತ್ತಿದ್ದೆವು.

ಟೆಸ್ಟ್ ಮಾಡುದು ಹೇಗೆ? ಮನೆಗೆ ಏನೂ ಆಗುದಿಲ್ಲ ಅಲ್ವಾ?

ಏನೂ ಆಗುವುದಿಲ್ಲ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಒಳಗಿನ ಒತ್ತಡ ಹೊರಗಿಗಿಂತ 50 ಪಾಸ್ಕಲ್ ಕಡಿಮೆಯಾಗುವ ತನಕ ಅದರ ವೇಗ ಏರಿಸುತ್ತೇವೆ. ಆ ಹೊತ್ತಿಗೆ ಫ್ಯಾನು ಎಷ್ಟು ಗಾಳಿ ಹೊರಹಾಕುತ್ತಿದೆಯೋ ಅಷ್ಟೇ ಗಾಳಿ ಸಂದಿಗಳಿಂದ ಒಳಗೆ ಬರುತ್ತಿರಬೇಕು. ಅದನ್ನೇ ಅಳೆಯುವುದು. 50 ಪಾಸ್ಕಲ್ ಎಂದರೆ 5 ಮಿಲಿಮೀಟರ್ ನೀರು ನಿಂತಷ್ಟು ಒತ್ತಡ. ಮಾಮೂಲು ಬಾಗಿಲಿನ ಮೇಲೆ ಹತ್ತು ಕೆ.ಜಿ. ಭಾರ ಒರಗಿದ ಹಾಗೆ. ಜೂನ್ ತಿಂಗಳ ಗಾಳಿಮಳೆಯಲ್ಲಿ ನಿಮ್ಮ ಕಿಟಕಿಗಳು ಇದಕ್ಕಿಂತ ಜಾಸ್ತಿ ತಿಂದಿರುತ್ತವೆ.

ಇದು ಚಳಿ ದೇಶದವರ ವಿಷಯ ಅಲ್ವಾ ಮಾರಾಯ್ರೆ? ನಮಗೆಂತಕ್ಕೆ?

ಹುಟ್ಟಿದ್ದು ಅಲ್ಲಿಯೇ. ತೈಲದ ಬೆಲೆ ಏರಿದ 1970ರ ದಶಕದಲ್ಲಿ ಸ್ವೀಡನ್ನಿನವರು ಶುರು ಮಾಡಿದರು, ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಅವರಿಗೆ ಒಳಗಿನ ಬಿಸಿ ಹೊರಗೆ ಹೋಗದಿರಬೇಕು. ನಮ್ಮ ಕರಾವಳಿಯ ಕಥೆಯೇ ಬೇರೆ. ಇಲ್ಲಿ ಸಂದಿಯಿಂದ ಬರುವುದು ಬಿಸಿಗಿಂತ ಹೆಚ್ಚಾಗಿ ನೀರು.

ಒಂದು ರಾತ್ರಿಯ ಲೆಕ್ಕ ಹಾಕೋಣ. ಹೊರಗೆ 30 ಡಿಗ್ರಿ, ತೇವಾಂಶ ಶೇ. 80. ಮೇ ತಿಂಗಳ ಮಂಗಳೂರಿನ ರಾತ್ರಿಗೆ ಇದು ಅತಿಯಲ್ಲ. ಅಂಥ ಗಾಳಿಯ ಪ್ರತಿ ಕೆ.ಜಿ.ಯಲ್ಲಿ ಸುಮಾರು 21 ಗ್ರಾಂ ನೀರಿನ ಆವಿ ಇರುತ್ತದೆ. ಎಸಿ ಹಾಕಿದ ಕೋಣೆಯಲ್ಲಿ 25 ಡಿಗ್ರಿ, ಶೇ. 55 ತೇವಾಂಶ ಇದ್ದರೆ ಆವಿ 11 ಗ್ರಾಂ. ಅಂದರೆ ಒಳಗೆ ನುಸುಳಿದ ಪ್ರತಿ ಕೆ.ಜಿ. ಗಾಳಿಯಿಂದ ಎಸಿ ಹತ್ತು ಗ್ರಾಂ ನೀರನ್ನು ಹಿಂಡಿ ತೆಗೆಯಬೇಕು. 12 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಮಲಗುವ ಕೋಣೆಯ ಗಾಳಿ ಗಂಟೆಗೆ ಒಂದು ಸಲ ಸೋರಿಕೆಯಿಂದಲೇ ಬದಲಾದರೆ ಗಂಟೆಗೆ ಅರ್ಧ ಲೀಟರ್ ನೀರು, ಎಂಟು ಗಂಟೆಗೆ ನಾಲ್ಕು ಲೀಟರ್. ಆ ಗಾಳಿಯನ್ನು ತಂಪು ಮಾಡುವ ಕೆಲಸಕ್ಕಿಂತ ಒಣಗಿಸುವ ಕೆಲಸ ಐದು ಪಟ್ಟು ಹೆಚ್ಚು. ಎರಡೂ ಸೇರಿ ರಾತ್ರಿಗೆ ಸುಮಾರು ಒಂದು ಯೂನಿಟ್ ಕರೆಂಟು ಬರೀ ಸಂದಿಗಳ ಲೆಕ್ಕಕ್ಕೆ ಹೋಗುತ್ತದೆ.

ಹಾಗಾಗಿ ಇಲ್ಲಿ ನಾನು ಹೇಳುವುದು ಒಂದೇ: ಎಸಿ ಇರುವ ಕೋಣೆ ಡಬ್ಬಿಯ ಹಾಗೆ ಬಿಗಿ ಇರಲಿ, ಉಳಿದ ಮನೆ ಚಾವಡಿಯ ಹಾಗೆ ತೆರೆದಿರಲಿ. ನಾನು ನೋಡಿದ ಹೆಚ್ಚಿನ ಹೊಸ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಹಾಲ್‌ಗೆ ತೆರೆಯದ ಗಾಜು, ಎಸಿ ಕೋಣೆಗೆ ಸಡಿಲ ಸ್ಲೈಡಿಂಗ್.

ನಮ್ಮದು ಹಂಚಿನ ಮನೆ. ಟೆಸ್ಟ್ ಮಾಡಿಸಬೇಕಾ?

ಬೇಡ. ಉಡುಪಿ ಕಡೆಯ ಒಂದು ಹಳೇ ಮನೆಯಲ್ಲಿ ಕುತೂಹಲಕ್ಕೆ ಮಾಡಿ ನೋಡಿದ್ದೆ. ನನ್ನ ಫ್ಯಾನಿನ ತಾಕತ್ತು ಗಂಟೆಗೆ ಸುಮಾರು 9,000 ಘನ ಮೀಟರ್ ಗಾಳಿ. ಪೂರ್ತಿ ವೇಗಕ್ಕೆ ಇಟ್ಟರೂ ಮೀಟರಿನ ಮುಳ್ಳು ಹತ್ತು ಪಾಸ್ಕಲ್ ಮುಟ್ಟಲಿಲ್ಲ. ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಅಜ್ಜಿ, "ಹೊಗೆ ಹೋಗ್ಲಿ ಅಂತಲೇ ಕಟ್ಟಿದ ಮಾಡು ಅದು. ಈಗ ಗಾಳಿ ಹೋಗ್ತದೆ ಅಂತ ಮಿಷನ್ ತಂದು ಹೇಳ್ಬೇಕಾ?" ಅಂದರು.

ಅಜ್ಜಿ ಹೇಳಿದ್ದು ಸರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಈ ಊರಿನ ಮಾಡು ಅದೇ ಕ್ರಮದ್ದು. ರೀಪಿನ ಮೇಲೆ ಒಂದಕ್ಕೊಂದು ಕೊಂಡಿ ಹಾಕಿ ಇಟ್ಟ ಹಂಚು, ನಡುವೆ ಗಾರೆ ಇಲ್ಲ. ಮಳೆನೀರು ಜಾರುತ್ತದೆ, ಬಿಸಿಗಾಳಿ ಮೇಲಿನಿಂದ ಜಾಗ ಖಾಲಿ ಮಾಡುತ್ತದೆ. ಆದರೆ ಅದೇ ಮನೆಯ ಒಂದು ಕೋಣೆಗೆ ಎಸಿ ಹಾಕಿಸುವುದಾದರೆ ಆ ಕೋಣೆಗೆ ಬೇರೆಯೇ ಮುಚ್ಚಿಗೆ ಬೇಕು. ಹಲಗೆಯ ಮುಚ್ಚಿಗೆಯಾದರೆ ಹಲಗೆಗಳ ಸಂದಿಗೂ ಏನಾದರೂ ಮಾಡಬೇಕು. ಬರೀ ಜಿಪ್ಸಂ ಸೀಲಿಂಗ್ ತೂಗಿಸಿ ಅಂಚು ಬಿಟ್ಟರೆ ಎಸಿ ಹಗಲು ರಾತ್ರಿ ಮಾಡನ್ನು ತಂಪು ಮಾಡುತ್ತಾ ಕೂರುತ್ತದೆ.

ಒಮ್ಮೆ ಗಾಳಿ ಬೇಕು ಅಂತೀರಿ, ಒಮ್ಮೆ ಬೇಡ ಅಂತೀರಿ!

ಎಸಿ ಇಲ್ಲದ ಜಾಗದಲ್ಲಿ ಬೇಕು, ಧಾರಾಳ ಬೇಕು. ಸೆಕೆಗೆ ಮೈಮೇಲೆ ಹರಿಯುವ ಗಾಳಿಯೇ ಮದ್ದು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ 'ಇಕೋ ನಿವಾಸ್ ಸಂಹಿತಾ' ವಸತಿ ಕಟ್ಟಡಗಳ ಸಂಹಿತೆ. ನಮ್ಮಂಥ ಬಿಸಿ ಮತ್ತು ತೇವದ ಹವೆಗೆ ಅದು ಕೇಳುವುದು, ತೆರೆಯಬಲ್ಲ ಕಿಟಕಿ-ಬಾಗಿಲಿನ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ. 16.66 ಇರಬೇಕು ಎಂದು. ಒಣ ಬಿಸಿಲಿನ ಪ್ರದೇಶಕ್ಕೆ ಶೇ. 10 ಸಾಕು, ನಮಗೆ ಆರರಲ್ಲಿ ಒಂದು ಪಾಲು. ಸಾವಿರ ಚದರಡಿಗೆ ಸುಮಾರು 167 ಚದರಡಿ. ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ಎಷ್ಟೇ ದೊಡ್ಡದಿರಲಿ, ತೆರೆಯುವುದು ಅರ್ಧ ಮಾತ್ರ. ಆ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಬೇಕು.

200 ಯೂನಿಟ್ ಫ್ರೀ ಬರ್ತದಲ್ಲ, ಮತ್ತೆ ಉಳಿಸಿ ಎಂತ ಮಾಡುದು?

ಗೃಹಜ್ಯೋತಿಯಲ್ಲಿ ನಿಮ್ಮ ಪಾಲು 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ವರ್ಷವಿಡೀ ಸೊನ್ನೆ ಬಿಲ್ ಬರುವ ಮನೆಗಳು ಏಪ್ರಿಲ್, ಮೇಯಲ್ಲಿ ಎಸಿಯಿಂದಾಗಿ ಗೆರೆ ದಾಟುವುದನ್ನು ನೋಡಿದ್ದೇನೆ. ತಿಂಗಳಿಗೆ 30 ಯೂನಿಟ್ ಸೋರಿಕೆ ಅಲ್ಲಿ 30 ಯೂನಿಟ್ಟಿನ ದುಡ್ಡಲ್ಲ, ಇಡೀ ಬಿಲ್ಲಿನ ದುಡ್ಡು.

## ಮನೆಯಲ್ಲಿ ಕುಳಿತು ತಲೆ ಕೆಡಿಸಿಕೊಂಡವರದ್ದು

ಫ್ಯಾನ್ ತರಿಸದೆ ನಾವೇ ನೋಡಲಿಕ್ಕೆ ಆಗ್ತದಾ?

ಆಗುತ್ತದೆ. ಸಂಖ್ಯೆ ಸಿಗುವುದಿಲ್ಲ, ಜಾಗ ಸಿಗುತ್ತದೆ. ಅಡುಗೆಮನೆಯ ಚಿಮಣಿ ಮತ್ತು ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಎರಡನ್ನೂ ಹಾಕಿ, ಕಿಟಕಿ-ಬಾಗಿಲು ಮುಚ್ಚಿ, ಒಳಬಾಗಿಲು ತೆರೆದಿಡಿ. ಸೀಲಿಂಗ್ ಫ್ಯಾನ್ ಆಫ್ ಮಾಡಿ. ಊದುಬತ್ತಿ ಹಚ್ಚಿ ಕಿಟಕಿಯ ಅಂಚಿನ ಉದ್ದಕ್ಕೂ ನಿಧಾನ ಸರಿಸಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಒಂದು ಕಡೆ ಒಳಗೆ ಬಾಗುತ್ತದೆ, ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಪರದೆಗೆ ಬೆಂಕಿ ತಾಗದಂತೆ ನೋಡಿಕೊಳ್ಳಿ.

ಇನ್ನೊಂದು ನನಗೆ ಬಹಳ ಇಷ್ಟದ್ದು, ಬಕೆಟ್ ಪರೀಕ್ಷೆ. ಎಸಿಯ ನೀರು ಬೀಳುವ ಪೈಪಿನ ಕೆಳಗೆ ರಾತ್ರಿ ಬಕೆಟ್ ಇಡಿ, ಬೆಳಿಗ್ಗೆ ಲೀಟರ್ ಚೊಂಬಿನಲ್ಲಿ ಅಳೆಯಿರಿ. ಮಲಗಿದ ಇಬ್ಬರ ಉಸಿರು-ಬೆವರಿನಿಂದ ಬರುವುದು ರಾತ್ರಿಗೆ ಮುಕ್ಕಾಲು ಲೀಟರಿನಷ್ಟು. ಮೊದಲ ಒಂದೆರಡು ಗಂಟೆ ಹಾಸಿಗೆ, ಪರದೆ, ಗೋಡೆಯ ತೇವವೂ ಸೇರುತ್ತದೆ. ಅದೆಲ್ಲ ಕಳೆದೂ ಬಕೆಟಿನಲ್ಲಿ ನಾಲ್ಕೈದು ಲೀಟರ್ ಇದ್ದರೆ ಅದು ಹೊರಗಿನಿಂದ ಬಂದ ನೀರು. ಸಂದಿ ಮುಚ್ಚಿಸಿದ ಮೇಲೆ ಅಂಥದ್ದೇ ಹವೆಯ ಇನ್ನೊಂದು ರಾತ್ರಿ ಮತ್ತೆ ಅಳೆಯಿರಿ. ವ್ಯತ್ಯಾಸ ಚೊಂಬಿನಲ್ಲೇ ಕಾಣುತ್ತದೆ.

ಜಾಸ್ತಿ ಸೋರುದು ಎಲ್ಲಿ?

ನಮ್ಮ ಕಡೆಯ ಎಸಿ ಕೋಣೆಗಳಲ್ಲಿ ಮೊದಲ ಬಹುಮಾನ ಅಟ್ಯಾಚ್ಡ್ ಬಾತ್‌ರೂಮಿಗೆ. ಎಸಿ ಹಾಕುವಾಗ ಬಾತ್‌ರೂಮಿನ ಬಾಗಿಲು ಮುಚ್ಚುತ್ತೇವೆ. ಅದರ ಅಡಿಯಲ್ಲಿ ಅರ್ಧ ಇಂಚು, ಒಳಗೆ ಗಾಜಿನ ಪಟ್ಟಿಯ ವೆಂಟಿಲೇಟರ್ ಸದಾ ತೆರೆದೇ. ಅದರಿಂದ ಆಚೆ ನೇರ ಆಕಾಶ. ಆ ಬಾಗಿಲ ಅಡಿಗೆ ಒಂದು ರಬ್ಬರ್ ಪಟ್ಟಿ ಹೊಡೆದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಸ್ಲೈಡಿಂಗ್ ಕಿಟಕಿಯ ಪಟ್ಟಿಗಳು ಕೂಡುವ ನಡುಗೆರೆ. ಅಲ್ಲಿಯ ಉಣ್ಣೆಯ ಬ್ರಷ್ ಪಟ್ಟಿ ನಾಲ್ಕೈದು ಮಳೆಗಾಲಕ್ಕೆ ಸವೆದು ಬೋಳಾಗುತ್ತದೆ. ಬದಲಿಸುವುದು ಅಗ್ಗದ ಕೆಲಸ, ಆದರೂ ಬದಲಿಸಿದವರನ್ನು ನಾನು ಕಂಡದ್ದು ಕಡಿಮೆ. ಆಮೇಲೆ ಎಸಿ ಪೈಪಿನ ತೂತು. ಎಸಿ ಕೂರಿಸುವ ಹುಡುಗರು ಎರಡೂವರೆ ಇಂಚು ಕೊರೆದು, ಹೊರಗೆ ಬಿಳಿ ಸಿಮೆಂಟು ಮೆತ್ತಿ, ಒಳಗೆ ಪ್ಲಾಸ್ಟಿಕ್ ಮುಚ್ಚಳ ಇಟ್ಟು ಹೋಗುತ್ತಾರೆ. ಮುಚ್ಚಳ ತೆಗೆದರೆ ಕೆಲವು ಕಡೆ ಹೊರಗಿನ ಬೆಳಕು ಕಾಣುತ್ತದೆ.

ಯಾರೂ ನಂಬದ್ದು ಸ್ವಿಚ್ ಬೋರ್ಡು. ಗೋಡೆ, ಸ್ಲ್ಯಾಬಿನ ಒಳಗೆ ಹೋದ ಕರೆಂಟಿನ ಪೈಪು ಎಲ್ಲೋ ತಾರಸಿಯ ಜಂಕ್ಷನ್ ಬಾಕ್ಸಿನಲ್ಲಿ ಬಾಯಿ ತೆರೆದಿರುತ್ತದೆ. ಪರೀಕ್ಷೆಯ ಫ್ಯಾನ್ ಓಡುವಾಗ ಬೋರ್ಡಿನ ಎದುರು ಅಂಗೈ ಹಿಡಿಯಲು ಹೇಳುತ್ತೇನೆ. ತಣ್ಣಗಿನ ಕೋಣೆಯಲ್ಲಿ ಪ್ಲಗ್ಗಿನ ತೂತಿನಿಂದ ಬೆಚ್ಚನೆಯ ಉಸಿರು ತಾಗಿದಾಗ ಮನೆಯವರ ಮುಖ ನೋಡಬೇಕು.

ಸ್ಲೈಡಿಂಗ್ ಟ್ರ್ಯಾಕಿನಲ್ಲಿ ಹೊರಗೆ ಸಣ್ಣ ತೂತು ಉಂಟು. ಸಿಲಿಕಾನ್ ಹಾಕಿ ಮುಚ್ಚುದಾ?

ಬೇಡವೇ ಬೇಡ. ಅದು ಮಳೆನೀರು ಹೊರಗೆ ಹರಿಯಲು ಇಟ್ಟ ದಾರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಅದನ್ನು ಮುಚ್ಚಿದರೆ ಟ್ರ್ಯಾಕ್ ತುಂಬಿ ನೀರು ಒಳಗೋಡೆಗೆ ಇಳಿಯುತ್ತದೆ.

ಎಸಿ 20ಕ್ಕೆ ಇಟ್ಟರೂ ಮೈ ಅಂಟಂಟು. ಎರಡು ಟನ್ ಹಾಕಿಸ್ಲಾ?

ದೊಡ್ಡದು ಹಾಕಿಸಿದರೆ ಅಂಟು ಹೆಚ್ಚಬಹುದು. ಕೋಣೆಗೆ ಮಿಕ್ಕಿದ ಎಸಿ ಬೇಗ ತಂಪು ಮಾಡಿ ಬೇಗ ಕಂಪ್ರೆಸರ್ ನಿಲ್ಲಿಸುತ್ತದೆ. ಗಾಳಿಯ ನೀರನ್ನು ಹಿಂಡಲು ಕಾಯಿಲ್ ತಣ್ಣಗೆ ಓಡುತ್ತಲೇ ಇರಬೇಕು. ಮೊದಲು ಸಂದಿ ಮುಚ್ಚಿ, ಫಿಲ್ಟರ್ ತೊಳೆಯಿರಿ, 25ಕ್ಕೆ ಇಟ್ಟು ಮೇಲಿನ ಫ್ಯಾನ್ ಸಣ್ಣಗೆ ಹಾಕಿ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಕೋಣೆ ಎಸಿಗಳು ಶುರುವಾಗುವಾಗ 24 ಡಿಗ್ರಿಯಲ್ಲೇ ಇರಬೇಕೆಂದು ನಿಯಮ ಮಾಡಿದ್ದು ಸುಮ್ಮನೆ ಅಲ್ಲ. ಒಂದು ಡಿಗ್ರಿ ಏರಿಸಿದರೆ ಶೇ. 6ರಷ್ಟು ಕರೆಂಟು ಉಳಿತಾಯ ಎಂಬುದು ಬ್ಯೂರೊದ ಲೆಕ್ಕ.

ಪೂರ್ತಿ ಮುಚ್ಚಿದರೆ ಉಸಿರು ಕಟ್ಟುದಿಲ್ವಾ?

ನ್ಯಾಯವಾದ ಪ್ರಶ್ನೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 420ರ ಆಸುಪಾಸು. ಮೇಲೆ ಹೇಳಿದ ಅಳತೆಯ ಕೋಣೆ ನಿಜಕ್ಕೂ ಗಾಳಿ ಆಡದಂತಿದ್ದರೆ, ಇಬ್ಬರು ಮಲಗಿದಾಗ ಗಂಟೆಗೆ 600ರಷ್ಟು ಏರುತ್ತಾ ಹೋಗುತ್ತದೆ. ಬೆಳಿಗ್ಗೆ ತಲೆಭಾರ. ಆದರೆ ಸ್ಲೈಡಿಂಗ್ ಕಿಟಕಿಯ ನಮ್ಮ ಕೋಣೆಗಳನ್ನು ಎಷ್ಟು ಮುಚ್ಚಿದರೂ ಆ ಮಟ್ಟಕ್ಕೆ ತರುವುದು ಕಷ್ಟ. ಬಾತ್‌ರೂಮಿನ ಬಾಗಿಲಿಗೆ, ಕಿಟಕಿಗೆ ಪಟ್ಟಿ ಹಾಕಿ. ಹಾಲ್ ಕಡೆಯ ಬಾಗಿಲ ಅಡಿಯ ಸಂದಿಯನ್ನು ಹಾಗೇ ಬಿಡಿ. ಮಲಗುವ ಮುಂಚೆ ಹತ್ತು ನಿಮಿಷ, ಎದ್ದ ಮೇಲೆ ಹತ್ತು ನಿಮಿಷ ಕಿಟಕಿ ತೆರೆಯಿರಿ.

ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉಂಟು. ವೆಂಟಿಲೇಟರ್ ಮುಚ್ಚಬಹುದಾ?

ಯಾವ ಕಾರಣಕ್ಕೂ ಮುಚ್ಚಬಾರದು. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಗೀಸರನ್ನು ಹೊರಗಿನ ಗೋಡೆಗೆ ಸ್ಥಳಾಂತರಿಸಿದ ಮೇಲೆ ಬೇರೆ ಮಾತು. ಅದು ಒಳಗಿರುವ ತನಕ ನಾನು ಆ ಮನೆಯಲ್ಲಿ ಬಾತ್‌ರೂಮಿನ ಬಾಗಿಲಿಗೂ ಪಟ್ಟಿ ಹಾಕಿಸುವುದಿಲ್ಲ.

ಆಟಿಯಲ್ಲಿ ಕಪಾಟಿನ ಒಳಗೆಲ್ಲ ಬೂಸ್ಟು. ಗಾಳಿ ಸೋರುದರಿಂದವಾ?

ಬರೀ ಅದರಿಂದಲ್ಲ. ಜುಲೈಯಲ್ಲಿ ಹೊರಗಿನ ತೇವಾಂಶವೇ ಶೇ. 90ರ ಹತ್ತಿರ. ಗೋಡೆಯ ಮೇಲ್ಮೈಯಲ್ಲಿ ಶೇ. 80ರ ಮೇಲೆ ದಿನಗಟ್ಟಲೆ ನಿಂತರೆ ಬೂಸ್ಟಿಗೆ ಅಷ್ಟೇ ಸಾಕು. ಮಳೆ ನೆನೆದ ಹೊರಗೋಡೆಗೆ ಅಂಟಿಸಿ ಮಾಡಿದ ವಾರ್ಡ್‌ರೋಬಿನ ಹಿಂಬದಿಯಲ್ಲಿ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಲೆದರ್ ಬ್ಯಾಗು ಅಲ್ಲಿ ಹಸಿರು ಕೋಟು ತೊಟ್ಟು ಕೂರುತ್ತದೆ. ಕಿಟಕಿ ತೆರೆದಿಟ್ಟರೆ ಒಣಗುವುದಿಲ್ಲ, ಬರುವ ಗಾಳಿಯೇ ಹಸಿ. ನಮ್ಮ ಹಿರಿಯರು ಕಪಾಟಿನೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದದ್ದು ಬುದ್ಧಿವಂತಿಕೆ: ಎರಡು ಮೂರು ಡಿಗ್ರಿ ಬಿಸಿಯಾದರೆ ಒಳಗಿನ ಸಾಪೇಕ್ಷ ತೇವಾಂಶ ಹತ್ತು ಅಂಶ ಇಳಿಯುತ್ತದೆ. ಎಲ್‌ಇಡಿ ಬಲ್ಬಿನಿಂದ ಆಗುವುದಿಲ್ಲ, ಅದರ ಬಿಸಿ ಸಾಲದು. ಬಿಗಿ ಮಾಡಿದ ಕೋಣೆಯಲ್ಲಿ ದಿನಕ್ಕೆ ಎರಡು ಗಂಟೆ ಎಸಿಯ ಡ್ರೈ ಮೋಡ್ ಹಾಕಿದರೆ ಕೆಲಸ ಆಗುತ್ತದೆ. ಸಡಿಲ ಕೋಣೆಯಲ್ಲಿ ಹಾಕಿದರೆ ಅರಬ್ಬೀ ಸಮುದ್ರವನ್ನು ಒಣಗಿಸಲು ಹೊರಟಂತೆ.

ಕೆಳಗಿನ ಫ್ಲ್ಯಾಟಿನವರು ಎಸಿ ಹಾಕಿದರೆ ನಮ್ಮ ನೆಲ ಒದ್ದೆಯಾಗ್ತದೆ. ಪೈಪ್ ಒಡೆದಿದೆಯಾ?

ಹೆಚ್ಚಾಗಿ ಇಲ್ಲ. 30 ಡಿಗ್ರಿ, ಶೇ. 80ರ ಗಾಳಿ 26 ಡಿಗ್ರಿಯ ಮೇಲ್ಮೈ ತಾಗಿದರೆ ಸಾಕು, ನೀರಾಗುತ್ತದೆ. ಕೆಳಗಿನವರು ರಾತ್ರಿಯಿಡೀ 18ಕ್ಕೆ ಇಟ್ಟರೆ ನಡುವಿನ ಸ್ಲ್ಯಾಬ್ ತಣ್ಣಗಾಗಿ ನಿಮ್ಮ ಟೈಲ್ಸ್ ಬೆವರುತ್ತದೆ. ತಂಪು ಪಾನೀಯದ ಬಾಟಲಿಯ ಹೊರಗೆ ಹನಿ ಕೂತ ಹಾಗೆ. ಇಂಥ ಒಂದು ಜಗಳದಲ್ಲಿ ಎರಡು ಮನೆಯವರೂ ಪ್ಲಂಬರಿಗೆ ದುಡ್ಡು ಕೊಟ್ಟು ಟೈಲ್ಸ್ ಒಡೆಸಿ ಆಗಿತ್ತು. ಕೆಳಗಿನವರು 25ಕ್ಕೆ ಏರಿಸಿದ ವಾರದಲ್ಲಿ ನೆಲ ಒಣಗಿತು.

ಮೇಲಿನ ಮಹಡಿಯಲ್ಲಿ ರಾತ್ರಿ ಹನ್ನೊಂದಕ್ಕೂ ಸ್ಲ್ಯಾಬ್ ಬಿಸಿ. ಸಂದಿ ಮುಚ್ಚಿದರೆ ಸರಿಯಾಗ್ತದಾ?

ಇಲ್ಲ. ಅಲ್ಲಿ ಸಂದಿ ಎರಡನೆಯದು, ಮಾಡು ಮೊದಲನೆಯದು. ಇಕೋ ನಿವಾಸ್ ಸಂಹಿತಾ ಪ್ರಕಾರ ಮೇಲ್ಛಾವಣಿಯ ಶಾಖವಹನ ಪ್ರಮಾಣ ಚದರ ಮೀಟರಿಗೆ, ಡಿಗ್ರಿಗೆ 1.2 ವಾಟ್ ಮೀರಬಾರದು. ಬರೀ ಕಾಂಕ್ರೀಟ್ ಸ್ಲ್ಯಾಬಿನದು ಮೂರರ ಮೇಲೆ. ನಮ್ಮೂರಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದೆಸುವುದನ್ನು ಆರ್ಕಿಟೆಕ್ಟರು ಬೈಯುತ್ತಾರೆ, ನೋಡಲು ಚೆಂದ ಇಲ್ಲ ಅಂತ. ನನಗೆ ಅದು ಒಳ್ಳೆಯ ಉಪಾಯ. ಸುತ್ತ ತೆರೆದಿದ್ದರೆ ನೆರಳೂ ಸಿಗುತ್ತದೆ, ಗಾಳಿಯೂ ಆಡುತ್ತದೆ, ಮಳೆಗಾಲದಲ್ಲಿ ಬಟ್ಟೆಯೂ ಒಣಗುತ್ತದೆ. ಸುತ್ತ ಗೋಡೆ ಕಟ್ಟಿ ಮುಚ್ಚಿದರೆ ಮಾತ್ರ ಒಲೆ.

## ಪರೀಕ್ಷೆ ಮಾಡಿಸಲು ಹೊರಟವರದ್ದು

ಯಾವ ತಿಂಗಳು ಒಳ್ಳೇದು?

ನವೆಂಬರಿನಿಂದ ಫೆಬ್ರವರಿ, ಅದೂ ಬೆಳಿಗ್ಗೆ. ಹೊತ್ತೇರಿದ ಮೇಲೆ ಕಡಲ ಗಾಳಿ ಬೀಸಲು ಶುರುವಾದರೆ ಪಡುವಣ ಗೋಡೆಯ ಮೇಲೆ ಒತ್ತಡ ಏರಿಳಿದು ಮೀಟರು ಕುಣಿಯುತ್ತದೆ. ನೆಲಮಟ್ಟದ ಗಾಳಿ ಸೆಕೆಂಡಿಗೆ 3 ಮೀಟರ್ ದಾಟಿದರೆ ಸರಿಯಾದ ಅಳತೆ ಸಿಗುವುದು ಕಷ್ಟ ಎಂದು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9972 ಕೂಡ ಎಚ್ಚರಿಸುತ್ತದೆ. ಸುರತ್ಕಲ್, ಮಲ್ಪೆಯ ದಡದ ಮನೆಗಳಿಗೆ ನಾನು ಏಳು ಗಂಟೆಗೇ ಹೋಗುತ್ತೇನೆ. ಕಾಫಿ ಅಲ್ಲೇ ಸಿಗುತ್ತದೆ.

ನಾವು ಮೊದಲೇ ಎಂತ ತಯಾರಿ ಮಾಡ್ಬೇಕು?

ಕಿಟಕಿಗಳ ಚಿಲಕ ಹಾಕಿ, ಒಳಬಾಗಿಲುಗಳನ್ನು ತೆರೆದಿಡಿ. ಎಸಿ, ಚಿಮಣಿ, ಎಕ್ಸಾಸ್ಟ್ ಬಂದ್. ಬಳಸದ ಬಾತ್‌ರೂಮಿನ ನಹಾನಿ ಟ್ರ್ಯಾಪಿಗೆ ಒಂದು ಚೊಂಬು ನೀರು ಹೊಯ್ಯಿರಿ. ಒಣಗಿದ್ದರೆ ಫ್ಯಾನು ಚರಂಡಿಯ ವಾಸನೆಯನ್ನು ಹಾಲ್‌ಗೆ ಎಳೆಯುತ್ತದೆ. ದೇವರ ದೀಪ ಆರಿದ ಮೇಲೆಯೇ ನಮ್ಮ ಕೆಲಸ.

ಮತ್ತೆ ಒಲೆ. ಸೌದೆ ಒಲೆ ಉಂಟಾ ಎಂದು ಈಗ ಕೇಳುತ್ತೇನೆ, ಮೊದಮೊದಲು ಕೇಳುತ್ತಿರಲಿಲ್ಲ. ಒಂದು ಕಡೆ ಹೊಸ ಮನೆಯೇ, ಆದರೆ ಹಿಂದುಗಡೆ ಬಚ್ಚಲಿನಲ್ಲಿ ಹಂಡೆ, ಅದರ ಕೆಳಗೆ ಸೌದೆ ಒಲೆ. ಬೆಂಕಿ ಆರಿತ್ತು, ಬೂದಿ ತೆಗೆದಿರಲಿಲ್ಲ. ನಲವತ್ತು ಪಾಸ್ಕಲ್ ದಾಟುತ್ತಿದ್ದ ಹಾಗೆ ಹೊಗೆಗೂಡಿನಿಂದ ಗಾಳಿ ಕೆಳಗೆ ನುಗ್ಗಿ, ತೆಂಗಿನ ಗರಿಯ ಬೂದಿಯೆಲ್ಲ ಪ್ಯಾಸೇಜ್ ದಾಟಿ ಬಿಳಿ ಸೋಫಾದ ಮೇಲೆ ಕೂತಿತು. ಅವತ್ತು ಸಂಬಳ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

ಥರ್ಮಲ್ ಕ್ಯಾಮೆರಾ ಇದ್ದರೆ ಸಾಕಲ್ವಾ?

ಕ್ಯಾಮೆರಾ ಕಾಣುವುದು ಮೇಲ್ಮೈಯ ಉಷ್ಣತೆ ಮಾತ್ರ, ಗಾಳಿಯನ್ನಲ್ಲ. ಒಳಗೂ ಹೊರಗೂ 30 ಡಿಗ್ರಿ ಇದ್ದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಎರಡು ಗಂಟೆ ಎಸಿ ಓಡಿಸಿ ಗೋಡೆ ತಣಿಸಿ, ಎಸಿ ಆರಿಸಿ, ಆಮೇಲೆ ಫ್ಯಾನಿನಿಂದ ಹೊರಗಿನ ಗಾಳಿ ಎಳೆದರೆ ಸಂದಿಯ ಸುತ್ತ ಬೆಚ್ಚನೆಯ ನಾಲಿಗೆಗಳು ಮೂಡುತ್ತವೆ. ಮಳೆಗಾಲದಲ್ಲಿ ಒದ್ದೆ ಗೋಡೆ ಆವಿಯಾಗುತ್ತಾ ತಣ್ಣಗೆ ಕಾಣುತ್ತದೆ, ಅದನ್ನು ಸೋರಿಕೆ ಎಂದು ತಪ್ಪು ತಿಳಿಯುವವರೂ ಇದ್ದಾರೆ.

## ಲೆಕ್ಕ ಕೇಳುವವರದ್ದು

ನಮಗೆ ಎಸಿಎಚ್50 ಅಂತ 10 ಬಂದಿದೆ. ಪಾಸಾ, ಫೇಲಾ?

50 ಪಾಸ್ಕಲಿನಲ್ಲಿ ಗಂಟೆಗೆ ಸೋರಿದ ಗಾಳಿಯನ್ನು ಕೋಣೆಯ ಗಾತ್ರದಿಂದ ಭಾಗಿಸಿದ ಸಂಖ್ಯೆ ಅದು. ನಿಮ್ಮ 41 ಘನ ಮೀಟರಿನ (12 ಅಡಿ, 12 ಅಡಿ, 10 ಅಡಿ ಎತ್ತರ) ಕೋಣೆಯಲ್ಲಿ ಗಂಟೆಗೆ ಸುಮಾರು 400 ಘನ ಮೀಟರ್. ತೂತಿನ ಲೆಕ್ಕಕ್ಕೆ ತಂದರೆ 200 ಚದರ ಸೆಂಟಿಮೀಟರ್: 14 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರ. ಅದರಲ್ಲಿ ಬಾಗಿಲ ಅಡಿಯ ಪಾಲೇ ಅರ್ಧಕ್ಕೂ ಹೆಚ್ಚು. ಜರ್ಮನಿಯ ಪ್ಯಾಸಿವ್ ಹೌಸ್ ಮಾನದಂಡ 0.6. ಅದನ್ನು ಇಲ್ಲಿ ಗುರಿ ಮಾಡುವುದು ಮೂರ್ಖತನ. ಯಂತ್ರದ ಗಾಳಿ ವ್ಯವಸ್ಥೆ ಇಲ್ಲದೆ ಅಂಥ ಮನೆಯಲ್ಲಿ ಇರಲಾಗದು. ನಮ್ಮ ಎಸಿ ಕೋಣೆ 10ರಿಂದ 4–5ಕ್ಕೆ ಇಳಿದರೆ ನಾನು ಕೈ ಮುಗಿದು ಎದ್ದು ಬರುತ್ತೇನೆ.

ಎಸಿಎಚ್50 ಸಂಖ್ಯೆಯನ್ನು 20ರಿಂದ ಭಾಗಿಸಿದರೆ ದಿನನಿತ್ಯದ ಸೋರಿಕೆ ಸಿಗ್ತದೆ ಅಂತ ಓದಿದ್ದೇನೆ. ಸರಿಯಾ?

ಅದು ಅಮೆರಿಕದ ಚಳಿ ಮನೆಗಳಿಂದ ಬಂದ ಅಂದಾಜು. ಅಲ್ಲಿ ಒಳಗೂ ಹೊರಗೂ 20–30 ಡಿಗ್ರಿ ಅಂತರ. ಆ ಅಂತರವೇ ಗಾಳಿಯನ್ನು ತಳ್ಳುತ್ತದೆ. ನಮ್ಮಲ್ಲಿ ಅಂತರ ಐದೇ ಡಿಗ್ರಿ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಅರ್ಧ ಪಾಸ್ಕಲ್ ಚಿಲ್ಲರೆ. ಅದೂ ಉಲ್ಟಾ: ತಣ್ಣನೆಯ ಗಾಳಿ ಬಾಗಿಲ ಅಡಿಯಿಂದ ಜಾರುತ್ತದೆ, ಹಸಿ ಗಾಳಿ ಮೇಲಿನ ಫಾಲ್ಸ್ ಸೀಲಿಂಗಿನ ಅಂಚಿನಿಂದ ಇಳಿಯುತ್ತದೆ. ಇಲ್ಲಿ ನಿಜವಾದ ದೂಡುಗ ಕಡಲ ಗಾಳಿ ಮತ್ತು ಅಡುಗೆಮನೆಯ ಚಿಮಣಿ. ಗಂಟೆಗೆ ಸಾವಿರ ಘನ ಮೀಟರ್ ಎಳೆಯುವ ಚಿಮಣಿಗೆ ಕಿಟಕಿ ತೆರೆದು ಕೊಡದಿದ್ದರೆ ಅದು ನಿಮ್ಮ ಎಸಿ ಕೋಣೆಯಿಂದಲೇ ವಸೂಲಿ ಮಾಡುತ್ತದೆ. ಮೀನು ಹುರಿಯುವಾಗ ಅಡುಗೆಮನೆಯ ಕಿಟಕಿ ತೆರೆದಿರಲಿ.

ಕಾನೂನಿನಲ್ಲಿ ಕಡ್ಡಾಯ ಉಂಟಾ?

ಮನೆಗಳಿಗೆ ಈ ಪರೀಕ್ಷೆ ಕಡ್ಡಾಯವಲ್ಲ. ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇಸಿಬಿಸಿ ಎಂಬ ಇಂಧನ ಉಳಿತಾಯದ ಸಂಹಿತೆ ಉಂಟು; 100 ಕಿಲೋವಾಟ್ ಸಂಪರ್ಕ ಅಥವಾ 120 ಕೆವಿಎ ಬೇಡಿಕೆಯಿಂದ ಮೇಲಿನವಕ್ಕೆ. ಅದು ಇಡೀ ಕಟ್ಟಡಕ್ಕಲ್ಲ, ಕಿಟಕಿ-ಬಾಗಿಲಿಗೆ ಮಿತಿ ಹಾಕುತ್ತದೆ: ಗಾಜಿನ ಪ್ರವೇಶದ್ವಾರಕ್ಕೆ ಚದರ ಮೀಟರಿಗೆ ಸೆಕೆಂಡಿಗೆ 5 ಲೀಟರ್, ಉಳಿದವಕ್ಕೆ 2 ಲೀಟರ್. ಕಿಟಕಿ ಕೊಳ್ಳುವಾಗ ತಯಾರಕರ ಬಳಿ ಈ ಸಂಖ್ಯೆಯ ಪರೀಕ್ಷಾ ವರದಿ ಕೇಳಿ. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದಿ ಆ ವರದಿಯಲ್ಲಿ ಇರುವುದಿಲ್ಲ; ಅದು ನಿಮ್ಮ ಮೇಸ್ತ್ರಿಯ ಕೈಯಲ್ಲಿ.

ಮನೆ ಬಿಟ್ಟರೆ ಬೇರೆ ಎಲ್ಲಿ ಮಾಡ್ತಾರೆ?

ಸರ್ವರ್ ರೂಮುಗಳಲ್ಲಿ. ಬೆಂಕಿ ಆರಿಸಲು ಬಿಟ್ಟ ಗ್ಯಾಸು ಹತ್ತು ನಿಮಿಷ ಕೋಣೆಯಲ್ಲೇ ನಿಲ್ಲಬೇಕು, ನಿಲ್ಲುತ್ತದೆಯೇ ಎಂದು ಗ್ಯಾಸ್ ಬಿಡದೆಯೇ ಫ್ಯಾನಿನಿಂದ ಲೆಕ್ಕ ಹಾಕುತ್ತಾರೆ. ಆಸ್ಪತ್ರೆಗಳ ಊರು ನಮ್ಮದು. ಆಪರೇಷನ್ ಥಿಯೇಟರಿನ ಒತ್ತಡ ಪಕ್ಕದ ಜಾಗಕ್ಕಿಂತ ಕನಿಷ್ಠ 2.5 ಪಾಸ್ಕಲ್ ಹೆಚ್ಚಿರಬೇಕು, ಗೋಡೆ ಸೋರಿದರೆ ಅದು ನಿಲ್ಲದು. ಮೀನಿನ ಶೈತ್ಯಾಗಾರಗಳಲ್ಲಿ ಸಂದಿಯನ್ನು ಹುಡುಕುವುದೇ ಬೇಡ, ಬಾಗಿಲ ರಬ್ಬರಿನ ಸುತ್ತ ಬೆಳೆದ ಮಂಜುಗಡ್ಡೆ ತೋರಿಸಿಕೊಡುತ್ತದೆ.

ಒಂದು ಕೋಣೆ ಮಾತ್ರ ಟೆಸ್ಟ್ ಮಾಡಿದರೆ ಹಾಲ್ ಕಡೆಯ ಸೋರಿಕೆಯೂ ಸೇರುದಿಲ್ವಾ?

ಸೇರುತ್ತದೆ. ಫ್ಯಾನನ್ನು ಕೋಣೆಯ ಬಾಗಿಲಿಗೆ ಕಟ್ಟಿ ಮನೆಯ ಉಳಿದ ಕಿಟಕಿಗಳನ್ನೆಲ್ಲ ತೆರೆದರೆ ಕೋಣೆಯ ಒಟ್ಟು ಸೋರಿಕೆ ಸಿಗುತ್ತದೆ. ಹೊರಗಿನದ್ದು ಮಾತ್ರ ಬೇಕಾದರೆ ಮುಂಬಾಗಿಲಿಗೆ ಎರಡನೆಯ ಫ್ಯಾನ್ ಕಟ್ಟಿ ಹಾಲನ್ನೂ ಅದೇ 50 ಪಾಸ್ಕಲಿಗೆ ತರಬೇಕು. ಆಗ ಕೋಣೆಗೂ ಹಾಲ್‌ಗೂ ನಡುವೆ ಒತ್ತಡದ ವ್ಯತ್ಯಾಸ ಇರದು, ಗಾಳಿ ದಾಟದು. ಕೋಣೆ ಸಣ್ಣದಾದ್ದರಿಂದ ಫ್ಯಾನಿನ ಬಾಯಿ ಕಿರಿದು ಮಾಡುವ ಸಣ್ಣ ರಿಂಗ್ ಹಾಕದೆ ಅಳೆದ ಸಂಖ್ಯೆಯನ್ನು ನಂಬಬೇಡಿ.

ವರದಿಯಲ್ಲಿ 'ಎನ್' 0.65 ಅಂತ ಉಂಟು. ಅದೆಂತದ್ದು?

50ರಲ್ಲಿ ಮಾತ್ರವಲ್ಲ, 60ರಿಂದ 15ರ ತನಕ ಹಲವು ಒತ್ತಡಗಳಲ್ಲಿ ಅಳೆದು ಗೆರೆ ಎಳೆಯುತ್ತೇವೆ. ಒತ್ತಡ ಏರಿದ ಹಾಗೆ ಸೋರಿಕೆ ಯಾವ ಘಾತದಲ್ಲಿ ಏರುತ್ತದೆ ಎಂಬುದೇ ಎನ್. ದೊಡ್ಡ ತೂತುಗಳಿದ್ದರೆ 0.5ರ ಕಡೆ ವಾಲುತ್ತದೆ, ಕೂದಲೆಳೆಯ ಬಿರುಕುಗಳಾದರೆ 1ರ ಕಡೆ. 0.65 ಮಾಮೂಲು. ಈ ಎರಡರ ಆಚೆ ಹೋದರೆ ಕಟ್ಟಡದಲ್ಲಲ್ಲ, ಪರೀಕ್ಷೆಯಲ್ಲಿ ಏನೋ ಎಡವಟ್ಟು. ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ನನಗೆ ಮೂರು ಸಲ 1.2 ಬಂತು. ಮೀಟರ್ ಹಾಳಾಯಿತೆಂದು ಕೊಳವೆಗಳನ್ನೆಲ್ಲ ಬದಲಿಸಿದೆ. ಕೊನೆಗೆ ಮನೆಯ ಹುಡುಗ ಬಾತ್‌ರೂಮಿನಿಂದ ಕೂಗಿದ: ಫ್ಯಾನ್ ಜೋರಾದಾಗಲೆಲ್ಲ ವೆಂಟಿಲೇಟರಿನ ಗಾಜಿನ ಪಟ್ಟಿಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ನಿಧಾನವಾದಾಗ ಮುಚ್ಚಿಕೊಳ್ಳುತ್ತಿದ್ದವು.